ಡಾಕ್ಟರನ್ನು ಎತ್ತಂಗಡಿ ಮಾಡುವ ಅರ್ಜಿ

ಕ್ಯಾಸನೂರಿನ ಆಚೆಯ ಕಾಡಂಚಿನ ಊರಿನಲ್ಲಿ ಪರಮಶಿವಪ್ಪನ ಮಾತೆಂದರೆ ಮಾತು. ಡಾಕ್ಟರ್ ಬೆನಕಪ್ಪನನ್ನು ಎತ್ತಂಗಡಿ ಮಾಡಬೇಕೆಂಬ ಅರ್ಜಿಗೆ ಮೊದಲ ರುಜು ಅವನದೇ.

ಐವತ್ತೆಂಟನೆಯ ಇಸವಿಯ ಬೇಸಿಗೆ. ಕಾಡಿನಲ್ಲಿ ಮಂಗಗಳು ಹಣ್ಣೆಲೆಯಂತೆ ಉದುರುತ್ತಿದ್ದವು; ಅವುಗಳ ಹಿಂದೆಯೇ ಜನ ಜ್ವರ ಹಿಡಿದು ಮಲಗುತ್ತಿದ್ದರು. ಆ ಊರಿನಲ್ಲಿ ಮಂಗ ಸತ್ತರೆ ಹಾಗೆಯೇ ಬಿಡುವ ಪದ್ಧತಿಯಿಲ್ಲ. ಹನುಮಂತನ ಕುಲವೆಂದು ಮೀಯಿಸಿ, ಅರಿಶಿನ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೆಗಲ ಮೇಲೆ ಹೊತ್ತು ಮಣ್ಣು ಮಾಡಬೇಕು. ಸತ್ತ ಮಂಗನ ಮೈಯ ಉಣುಗು ಕಚ್ಚಿದರೆ ಜ್ವರ ಬರುತ್ತದೆ, ಮುಟ್ಟಬೇಡಿರೆಂದು ಬೆನಕಪ್ಪ ಮನೆಮನೆಗೂ ಹೇಳಿ ಬಂದಿದ್ದ. ಶಿರಾಳಕೊಪ್ಪದ ಅಂಗಡಿಯವರ ಮಗ, ಸಂತೆಯ ಬುದ್ಧಿ ಎಂದು ಜನ ನಕ್ಕರು. ಅವನು ಪರೀಕ್ಷೆಗೆಂದು ಒಂದು ಮಂಗನನ್ನು ಕೊಯ್ದು ಚೂರುಗಳನ್ನು ಸೀಸೆಗೆ ತುಂಬಿದ ಮೇಲೆ ನಗು ಹೋಗಿ ಬೈಗುಳ ಬಂತು. ಕುಡಿಯಲು ನೀರು ಕೊಡುವವರೂ ಇಲ್ಲವಾದರು.

ಅದೇ ವಾರ ಪರಮಶಿವಪ್ಪನ ಹಿತ್ತಲಲ್ಲಿ ಒಂದು ಮಂಗ ಸತ್ತುಬಿತ್ತು. ಡಾಕ್ಟರಿಗೆ ಕಾಣಲೆಂದೇ ಅದನ್ನು ಊರ ನಡುವೆ ಮೆರವಣಿಗೆ ಮಾಡಿಸಿದ. ಹೊತ್ತವನು ಅವನ ಒಬ್ಬನೇ ಮಗ ಮಹೇಶ್ವರಪ್ಪ. ಆರನೆಯ ದಿನ ಜ್ವರ ಬಂತು. ಹದಿನಾಲ್ಕನೆಯ ದಿನ ಸೊರಬದ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ಪ್ರಾಣ ಹೋಯಿತು. ಶಿವ ಕೊಟ್ಟಿದ್ದ, ಶಿವ ಕರೆದುಕೊಂಡ ಎಂದು ತಂದೆ ವಿಭೂತಿ ಧರಿಸಿ ಕುಳಿತ. ಶಿವನ ಮೇಲೆ ಮಾಡಲಾಗದ ಸಿಟ್ಟನ್ನೆಲ್ಲ ಡಾಕ್ಟರ ಮೇಲೆ ಮಾಡಿದ. ಮಂಗನನ್ನು ಕೊಯ್ದ ಪಾಪ ಊರಿಗೆ ತಟ್ಟಿತೆಂದು ಅರ್ಜಿ ಬರೆಸಿದ.

ವಿಚಾರಣೆಗೆ ಅಮಲ್ದಾರರು ಬಂದರು. ಚಾವಡಿ ತುಂಬಿತು. ಅರ್ಜಿ ಓದಿ ಅವರಿಗೆ ಸಂತೋಷವೇ ಆಯಿತು. ಈ ಮನುಷ್ಯ ವಾರಕ್ಕೊಂದು ಕಾಗದ ಬರೆಯುತ್ತಾನೆ, ಇಲ್ಲಿ ಹತ್ತು ಹಾಸಿಗೆಯ ಆಸ್ಪತ್ರೆ ಬೇಕಂತೆ, ಜೀಪು ಬೇಕಂತೆ ಎಂದು ಗೊಣಗಿದರು.

"ಎಂಟು ಜನ ಸತ್ರೆ ಒಂದು ಆಸ್ಪತ್ರೆ ಕಟ್ಟಕ್ಕಾಗುತ್ತೇನ್ರೀ ಡಾಕ್ಟ್ರೇ? ಮಳೆ ಬಿದ್ರೆ ಜ್ವರ ತಾನೇ ಇಳಿಯುತ್ತೆ."

ಬೆನಕಪ್ಪ ತನ್ನ ವರ್ಗಾವಣೆಯ ಮಾತೇ ಎತ್ತಲಿಲ್ಲ. ಎಂಟು ಜನರ ಹೆಸರನ್ನೂ, ಯಾರು ಎಲ್ಲಿ ಸತ್ತರೆಂಬುದನ್ನೂ ಕಾಗದ ನೋಡದೆ ಹೇಳುತ್ತ ಹೋದ. ಕೊನೆಗೆ, "ಮಹೇಶ್ವರಪ್ಪ, ಇಪ್ಪತ್ನಾಲ್ಕು ವರ್ಷ. ಗಾಡೀಲಿ ಸತ್ತ. ಇಲ್ಲೇ ಹಾಸಿಗೆ ಇದ್ದಿದ್ರೆ ಉಳಿಸ್ತಿದ್ದೆ ಅಂತ ಹೇಳಲ್ಲ. ನೋಡ್ಕೋತಿದ್ದೆ" ಎಂದ.

ಒಂದು ತಿಂಗಳಿಂದ ಪರಮಶಿವಪ್ಪನ ಮನೆಯಲ್ಲಿ ಯಾರೂ ಆ ಹೆಸರು ಆಡಿರಲಿಲ್ಲ. ಅಮಲ್ದಾರರು ಷರಾ ಬರೆಯಲು ಲೇಖನಿ ತೆಗೆದರು. ಇವನು ಹೋದರೆ ಈ ಎಂಟು ಹೆಸರನ್ನು ಸರ್ಕಾರದ ಮುಂದೆ ಹೇಳುವವರು ಯಾರೂ ಇರುವುದಿಲ್ಲವೆಂದು ಪರಮಶಿವಪ್ಪನಿಗೆ ಆಗ ಹೊಳೆಯಿತು.

"ನನ್ನ ರುಜು ಹೊಡೆದು ಹಾಕ್ರಿ ಸ್ವಾಮಿ. ಮಗನ ಹೆಗಲಿಗೆ ಮಂಗನ್ನ ಹೊರಿಸಿದೋನು ನಾನು. ಇವನು ಬ್ಯಾಡ ಅಂದಿದ್ದಕ್ಕೇ ಹೊರಿಸಿದೆ."

ಎರಡನೆಯ ರುಜುವಿನ ಕಲ್ಲಪ್ಪ ಹಂಗಿಸಿದ: "ನಮ್ಮನ್ನ ಹೊಳೆಗಿಳಿಸಿ ನೀನು ದಡ ಹತ್ತಿದೆಯಾ, ಪರಮಶಿವಣ್ಣ?"

ಪರಮಶಿವಪ್ಪ ಶ್ಯಾನುಭೋಗರತ್ತ ತಿರುಗಿದ. ಆಸ್ಪತ್ರೆ ಬೇಕೆಂದು ಬೇರೊಂದು ಅರ್ಜಿಯನ್ನು ಅವರಿಂದ ಅಲ್ಲೇ ಬರೆಸಿ ರುಜು ಹಾಕಿದ. ಮತ್ತೊಬ್ಬರು ಏಳಲಿಲ್ಲ. ಒಂದು ರುಜುವಿನ ಕಾಗದವನ್ನು ಮೇಲಕ್ಕೆ ಕಳಿಸಲಾಗದೆಂದು ಅಮಲ್ದಾರರು, ಎತ್ತಂಗಡಿಯ ಅರ್ಜಿಯನ್ನೂ ತಡೆಹಿಡಿದು, ಉಳಿದ ರುಜು ಕೂಡಿಸಲು ಎರಡು ದಿನದ ಗಡುವು ಕೊಟ್ಟು ಹೊರಟರು.

ಚಾವಡಿಯ ಮೆಟ್ಟಿಲ ಬಳಿ ಬೆನಕಪ್ಪ ಪರಮಶಿವಪ್ಪನಿಗೆ ಕೈಮುಗಿದ.

"ಕೈ ಮುಗೀಬ್ಯಾಡ. ನಿನ್ನ ಮುಖ ಕಂಡ್ರೆ ನನಗಾಗಲ್ಲ. ಹಾಸಿಗೆ ಬರೋ ತನಕ ಇರು. ಬಂದ ದಿನ ಊರು ಬಿಡು."

"ಆಗ್ಲಿ ಯಜಮಾನ್ರೇ. ಉಳಿದ ರುಜುಗೆ ಮೊದಲು ಯಾರ ಮನೆಗೆ ಹೋಗ್ಲಿ?"

"ಕಲ್ಲಪ್ಪನ ಮನೆಗೆ. ನೀನೊಬ್ಬನೇ ಹೋದ್ರೆ ನಾಯಿ ಬಿಡ್ತಾನೆ. ನಾನೂ ಬರ್ತೀನಿ," ಎಂದ ಪರಮಶಿವಪ್ಪ. "ನನ್ನ ಪಕ್ಕ ಮಾತ್ರ ನಡೀಬ್ಯಾಡ."