ಸಂಪೂರ್ಣವಾಗಿ ಒಪ್ಪುತ್ತೇನೆ

"ಚಾಳೀಸ ತೆಗೀರಿ, ಹಣಿಗಿ ಈಬತ್ತಿ ಹಚ್ಚಬೇಕು," ಎಂದು ಹಿರಿಯರೊಬ್ಬರು ವಿಭೂತಿಯ ಕೈ ಮುಂದೆ ಮಾಡಿದರು. ಹಂಪಮ್ಮ ಗಂಡನ ಕನ್ನಡಕದ ಹತ್ತಿರ ಆ ಕೈಯನ್ನು ತಡೆದಳು.

"ಇರ್ಲಿ ಬಿಡ್ರಿ. ಅದಿಲ್ಲಂದ್ರ ಅವರಿಗಿ ಯಾರು ಬಂದಾರ ಅಂಬೋದೇ ತಿಳಿಯಂಗಿಲ್ಲ."

ತೀರಿಹೋದ ನಾಗಣ್ಣ ಸರ್ ಅವರನ್ನು ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಶಹಾಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಲೆಕ್ಕಶಾಸ್ತ್ರ ಕಲಿಸಿದ ಮನುಷ್ಯ. ಎದೆನೋವೆಂದು ನಸುಕಿನಲ್ಲಿ ಎದ್ದು ಕೂತವರು ಮತ್ತೆ ಮಲಗಲಿಲ್ಲ. ಈಗಲೂ ನೋಡಿದರೆ, ಹಿಂದಿನ ಬೆಂಚಿನವರು ಯಾವಾಗ ಸುಮ್ಮನಾಗುತ್ತಾರೋ ಎಂದು ಕಾಯುತ್ತಿರುವಂತಿತ್ತು.

ಬಾಗಿಲಲ್ಲಿ ನಿಂತ ಮಲ್ಲೇಶ್ವರಿಗೆ ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ. ಸುರಪುರದ ಕಾಲೇಜಿನಲ್ಲಿ ಪಾಠ ಮಾಡುತ್ತ, ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಅವಳು. ಇವತ್ತು ಪ್ರಬಂಧಕ್ಕೆ ಸರ್ ಸಹಿ ಮಾಡಿಸಿಕೊಂಡೇ ಬರುತ್ತೇನೆಂದು, ಜಗಳವಾದರೂ ಸೈ ಎಂದು, ಮೊದಲ ಬಸ್ಸು ಹತ್ತಿದ್ದಳು. ಸುದ್ದಿ ತಿಳಿದದ್ದು ಶಹಾಪುರದ ಬಸ್ ನಿಲ್ದಾಣದಲ್ಲಿ. ಪ್ರಬಂಧ ಇನ್ನೂ ಹೆಗಲ ಚೀಲದಲ್ಲೇ ಇತ್ತು.

"ಬಾರವ್ವ," ಎಂದು ಹಂಪಮ್ಮ ಕರೆದಳು. "ತಿಂಗಳಾತು ನೀ ಫೋನ್ ಎತ್ತವಲ್ಲಿ ಅಂತ ದಿನಾ ನನ್ನ ತಲಿ ತಿಂತಿದ್ರು. ನನ್ನ ಮ್ಯಾಗ ಸಿಟ್ಟಾಗ್ಯಾಳ ಅಂತಿದ್ರು."

ಮಲ್ಲೇಶ್ವರಿಗೆ ಆಗ ಅಳು ತಡೆಯಲಾಗಲಿಲ್ಲ.

*

ಕಾಲೇಜಿನಲ್ಲಿ ಕಲಿಸುವ ಲೆಕ್ಕಶಾಸ್ತ್ರ ಅಂಗಡಿ ನಡೆಸುವವರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಅವಳ ಸಂಶೋಧನೆ. ಇಪ್ಪತ್ತೈದು ಪ್ರಶ್ನೆಗಳ ಹಾಳೆ. ಪ್ರತಿ ಪ್ರಶ್ನೆಯ ಮುಂದೆ ‘ಸಂಪೂರ್ಣವಾಗಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮನೆ. ಮೂರು ತಿಂಗಳ ಹಿಂದೆ ಸರ್ ತಾವೇ ಮುಂದಾಗಿ ಅವಳನ್ನು ಶಹಾಪುರದ ಪೇಟೆಗೆ ಕರೆದುಕೊಂಡು ಹೋಗಿದ್ದರು.

ಪೇಟೆಯ ಅರ್ಧದಷ್ಟು ಮಂದಿ ಅವರ ಶಿಷ್ಯರೇ. ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯ ಸಂಗಮನಾಥ ಗಾದಿಯಿಂದ ದಡಕ್ಕನೆ ಎದ್ದು ಸರ್ ಕಾಲು ಮುಟ್ಟಿದ, ಚಹಾ ಹೇಳಿದ. ಚಹಾ ಬರುವಷ್ಟರಲ್ಲಿ ಇಪ್ಪತ್ತೈದಕ್ಕೂ ಮೊದಲ ಮನೆಯಲ್ಲೇ ಗುರುತು ಹಾಕಿ ಕೈ ತೊಳೆದುಕೊಂಡ.

"ಓದಿ ಬರಿಯೋ," ಎಂದರು ಸರ್.

"ನೀವು ಕೇಳೀರಂದ್ರ ಓದೋದೇನದರಿ?"

ನಾಲ್ಕು ದಿನದಲ್ಲಿ ಇನ್ನೂರು ಹಾಳೆ ತುಂಬಿದವು. ಮಲ್ಲೇಶ್ವರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಹೋದ ತಿಂಗಳು ಪ್ರಬಂಧ ಓದಿದ ಸರ್ ಆ ಹಾಳೆಗಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ತಿರುವಿದರು.

"ಇವರು ಪ್ರಶ್ನಿಗಿ ಉತ್ತರಾ ಕೊಟ್ಟಿಲ್ಲವ್ವ, ನನ್ನ ಮಾರಿ ನೋಡಿ ಕೊಟ್ಟಾರ. ತಪ್ಪು ನಂದೇ, ನಾ ಬರಬಾರದಿತ್ತು. ಮತ್ತೊಮ್ಮಿ ಒಬ್ಬಾಕೇ ಹೋಗು."

"ಪ್ರಬಂಧ ಕೊಡೋ ಮುದತ್ತು ಮುಗಿಲಿಕ್ಕ ಬಂದದರಿ ಸರ್. ನೀವು ಕಲಿಸಿದ್ದು ಉಪಯೋಗ ಆಗ್ಯಾದ ಅಂತ ಮಂದಿ ಬರದಾರ. ಅದನ್ನೂ ನಂಬಂಗಿಲ್ಲೇನ್ರಿ?"

ಸರ್ ನಕ್ಕರು. "ನಂಬಬೇಕಂತ ಭಾಳ ಆಸಿ ಅದ. ಅದಕ್ಕೇ ಸಹಿ ಮಾಡಾಕ ಕೈ ಬರವಲ್ದು."

ಹಂಪಮ್ಮ ತಂದಿಟ್ಟ ಚಹಾ ಮುಟ್ಟದೆ ಮಲ್ಲೇಶ್ವರಿ ಎದ್ದು ಬಂದಿದ್ದಳು.

*

ಭಜನೆಯವರ ಹಿಂದೆ ಮೆರವಣಿಗೆ ಹೊರಟಾಗ, ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಅಲ್ತಾಫ್ ಅವಳ ಹತ್ತಿರ ಬಂದು ಒಂದು ಕಟ್ಟು ಕೊಟ್ಟ.

"ನಿನ್ನಿ ಸಂಜಿಗಿ ಸರ್ ಬಂದಿದ್ರು ಮೇಡಂ. ಇನ್ನೂರು ತೆಗದಿಡು, ಮಲ್ಲೇಶ್ವರಿ ಬಂದ್ರ ಕೊಡು ಅಂದ್ರು. ತಮ್ಮ ಹೆಸರು ತಾವೇ ಹೊಡದು ಹಾಕ್ಯಾರ, ನೋಡ್ರಿ."

ಅದೇ ಪ್ರಶ್ನೆಗಳ ಖಾಲಿ ಹಾಳೆಗಳು. ಮೇಲೆ ಮಾರ್ಗದರ್ಶಕರ ಹೆಸರಿದ್ದ ಜಾಗದಲ್ಲಿ ದಪ್ಪನೆಯ ಕರಿ ಗೆರೆ.

ರುದ್ರಭೂಮಿಯಲ್ಲಿ ಕುಣಿಗೆ ಇಳಿದು ಸರ್ ಅವರನ್ನು ಕೂರಿಸಿದವರಲ್ಲಿ ಸಂಗಮನಾಥನೂ ಇದ್ದ. ಎಲ್ಲರೂ ಹಿಡಿ ಮಣ್ಣು ಹಾಕಿದರು, ಬಿಲ್ವಪತ್ರೆ ಏರಿಸಿದರು, ಒಬ್ಬೊಬ್ಬರಾಗಿ ಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ಮಲ್ಲೇಶ್ವರಿಗೆ ವಿಶ್ವವಿದ್ಯಾಲಯದಿಂದ ಫೋನ್ ಬಂತು. ವಿಭಾಗದ ಹಿರಿಯ ಪ್ರಾಧ್ಯಾಪಕರು ಎರಡು ಮಾತು ಸಂತಾಪ ಹೇಳಿ, "ನೀವು ಚಿಂತೆ ಮಾಡಬೇಡಿ. ನಾಳೆ ತನ್ನಿ, ಅವರ ಬದಲಿಗೆ ನಾನು ಸಹಿ ಹಾಕುತ್ತೇನೆ," ಎಂದರು. ಓದುತ್ತೇನೆ ಎಂದು ಅವರು ಹೇಳಲಿಲ್ಲ.

ನಾಳೆ ಕೊಟ್ಟರೆ ಡಾಕ್ಟರ್ ಮಲ್ಲೇಶ್ವರಿ. ಮತ್ತೆ ಪೇಟೆ ಸುತ್ತಿ ಪ್ರಬಂಧ ಹೊಸದಾಗಿ ಬರೆದರೆ, ಈ ಮುದತ್ತು ತಪ್ಪಿ ಇನ್ನೂ ಒಂದು ವರ್ಷ. ಕೇಳುವವರು, ತಡೆಯುವವರು ಈಗ ಯಾರೂ ಇಲ್ಲ. ಮಾರ್ಗದರ್ಶಕರೆಂದು ಹೊಸ ಹೆಸರು ಬಂದರೂ ಒಳಗಿನ ಸುಳ್ಳು ಸರ್ ಮುಖ ನೋಡಿ ಬರೆದದ್ದೇ ಆಗಿರುತ್ತದೆ ಎಂದು ಅವಳಿಗೆ ಚುರುಕ್ಕೆಂದಿತು.

ಬೇವಿನ ಮರದ ಕೆಳಗೆ ಸಂಗಮನಾಥ ಒಬ್ಬನೇ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಅಣ್ಣಾ, ಅವತ್ತು ನೀವು ಬರದದ್ದು ಖರೇ ಏನ್ರಿ?"

ಅವನು ತಲೆ ಎತ್ತಲಿಲ್ಲ. "ಎರಡು ಸಲ ಫೇಲಾದ ನನಗ ಸರ್ ಮನಿಗಿ ಕರದು, ಉಣಿಸಿ, ಓದಿಸಿ ಪಾಸ್ ಮಾಡಿಸ್ಯಾರ ತಂಗಿ. ನಮ್ಮಪ್ಪನೂ ಅಷ್ಟು ಮಾಡಿಲ್ಲ. ಆದ್ರ ಅಂಗಡಿ ಲೆಕ್ಕಾ ಕಲಿಸಿದಾಂವ ನಮ್ಮ ಮುನೀಮ ಮಲ್ಕಪ್ಪ. ಕಾಲೇಜಿಂದು ಅಲ್ಲಿ ಒಂದೂ ನಡೀಲಿಲ್ಲ. ಅದನ್ನ ಸರ್ ಮುಂದ ಕುಂತು ಹ್ಯಾಂಗ ಬರೀಲಿ?"

"ಈಗ ಬರೀತೀರೇನ್ರಿ?"

ಸಂಗಮನಾಥ ಅವಳ ಮುಖ ನೋಡಿದ. ಧೋತರಕ್ಕೆ ಕೈಯ ಮಣ್ಣು ಒರೆಸಿಕೊಂಡು, ಅವಳು ಕಟ್ಟಿನಿಂದ ತೆಗೆದುಕೊಟ್ಟ ಹಾಳೆಯನ್ನೂ ಪೆನ್ನನ್ನೂ ಇಸಿದುಕೊಂಡ. ಮೊದಲ ಪ್ರಶ್ನೆಯನ್ನು ತುಟಿ ಅಲುಗಿಸುತ್ತ ಎರಡು ಸಲ ಓದಿದ. ಪೆನ್ನು ಒಂದೊಂದೇ ಮನೆ ದಾಟಿ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬ ಕೊನೆಯ ಮನೆಗೆ ಬಂದು ನಿಂತಿತು.

ಅಲ್ಲಿ ಗುರುತು ಹಾಕುವ ಮುನ್ನ ಅವನು ಎಡಗೈಯನ್ನು ಹಾಳೆಯ ಪಕ್ಕಕ್ಕೆ, ಸರ್ ಮೇಲೆ ಹೊಸ ಮಣ್ಣು ಗುಡ್ಡೆಯಾಗಿದ್ದ ಕಡೆಗೆ, ಮರೆಯಾಗಿ ಹಿಡಿದ.