ಬಲ್ಬಿನ ಕಾವು

ನೂರಜಹಾನಳ ಹತ್ತಿರ ಕಾವಿಗೆ ಕೂಡುವ ಕೋಳಿ ಇರಲಿಲ್ಲ. ಹಳಿಯಾಳದ ತವರಿನಿಂದ ತಂದಿದ್ದ ಒಂದೇ ಹೇಂಟೆಯನ್ನು ಮುಂಗುಸಿ ಒಯ್ದಿತ್ತು. ಅದು ವಾರದಿಂದ ಕಾವು ಕೊಟ್ಟಿದ್ದ ಹನ್ನೊಂದು ಮೊಟ್ಟೆ ಉಳಿದವು. ಆ ತಳಿ ಈಗ ತವರಿನಲ್ಲೂ ಇರಲಿಲ್ಲ. ಅವಳು ಮೊಟ್ಟೆಗಳ ಬುಟ್ಟಿಯನ್ನು ಬಲ್ಬಿನ ಕೆಳಗೆ ತೂಗುಹಾಕಿ ಸುತ್ತ ಗೋಣಿಚೀಲ ಸುತ್ತಿದಳು.

ಅದು ಅರವತ್ತೊಂದರ ಚಳಿಗಾಲ. ದಾಂಡೇಲಿಯ ಆಚೆ ಹಳ್ಳಕ್ಕೆ ಕಟ್ಟಿದ ಸಣ್ಣ ಅಣೆಕಟ್ಟು ಇಪ್ಪತ್ತು ವರ್ಷದಿಂದ ಒಂದು ಸಾಮಿಲ್ಲಿಗೂ ಅದರ ಕೆಲಸಗಾರರ ಮನೆಗಳಿಗೂ ಕರೆಂಟು ಕೊಡುತ್ತಿತ್ತು. ಮನೆಗಳಲ್ಲಿ ಸ್ವಿಚ್ಚು ಇರಲಿಲ್ಲ. ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಗರಗಸ ದಿಮ್ಮಿಗೆ ಕಚ್ಚಿದರೆ ಬೆಳಕು ಕೆಂಪಾಗುತ್ತಿತ್ತು. ಸಂಜೆ ಗರಗಸ ನಿಂತ ಕೂಡಲೇ ನೀರಿನ ಬಾಗಿಲು ಇಳಿಸಬೇಕು, ಇಲ್ಲದಿದ್ದರೆ ಕರೆಂಟು ಏರಿ ಬಲ್ಬುಗಳು ಸುಡುತ್ತವೆ. ಆ ಬಾಗಿಲಿನ ಚಕ್ರ ತಿರುಗಿಸುವುದು ಅವಳ ಗಂಡ ವಜೀರನ ಕೆಲಸ.

"ನಿಮ್ಮ ಕರೆಂಟು ಸತ್ತಂಗ ಐತಿ. ತತ್ತಿ ತಣ್ಣಗಾಗಾಕತ್ತಾವು," ಎಂದು ಅವಳು ದಿನವೂ ಗಂಡನನ್ನು ಕಾಡುತ್ತಿದ್ದಳು. ನಿದ್ದೆಯಿಂದ ಎದ್ದೆದ್ದು ಬುಟ್ಟಿಗೆ ಕೈ ಹಾಕುತ್ತಿದ್ದಳು.

"ಗರಗಸ ಬಿಟ್ಟು ತತ್ತಿಗೆ ಕೊಟ್ರ ಮಿಲ್ಲಿನ ಸಾಹೇಬ್ರು ನನ್ನನ್ನೂ ಬುಟ್ಟ್ಯಾಗ ಕುಂದರಸ್ತಾರ."

ಪಕ್ಕದ ಮನೆಯ ಮಹಾದೇವಕ್ಕ ಬಾಗಿಲಿಗೆ ಬಂದು, "ಏನವ್ವಾ, ನಿನ್ನ ಬಲ್ಬು ಕೊಕ್ಕೊಕ್ ಅಂತೇನು?" ಎಂದು ನಗುತ್ತಿದ್ದಳು.

ಕಡೆಗೆ ವಜೀರ ನೀರಿನ ಬಾಗಿಲನ್ನು ಒಂದು ಸುತ್ತು ಹೆಚ್ಚಿಗೆ ಎತ್ತಿಟ್ಟ.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಒಂದು ಚಿಪ್ಪು ಬಿರಿದು ಕೊಕ್ಕು ಕಂಡಿತು. ಉಳಿದವುಗಳ ಒಳಗೂ ಟಿಕ್ ಟಿಕ್. ನೂರಜಹಾನ ವಜೀರನಿದ್ದ ಪವರ್‌ಹೌಸಿಗೆ ಓಡಿದಳು.

"ಬರ್ರಿ, ಒಂದು ಒಡದೈತಿ. ನೋಡಿ ಹೊಳ್ಳಿ ಬರ್ರಿ."

"ಚಕ್ರ ಬಿಟ್ಟು ಬರಾಕ ಬರೂದಿಲ್ಲ."

"ಗರಗಸ ನಿಲ್ಲೂದು ಸಂಜಿಗೆ. ಈಗೇನಾಗತೈತಿ?"

ವಜೀರ ಹೋದ.

ಅವನು ಬುಟ್ಟಿಗೆ ಬಗ್ಗಿದಾಗ ಬಲ್ಬು ಬೆಳ್ಳಗಾಯಿತು.

"ನೋಡ್ರಿ, ಈಗ ಬಂತು ಕರೆಂಟು," ಎಂದು ಅವಳು ಗೋಣಿಯನ್ನು ಇನ್ನಷ್ಟು ಬಿಗಿದಳು. ವಜೀರ ಕಿವಿಗೊಟ್ಟ. ಮಿಲ್ಲಿನ ಸದ್ದು ಇರಲಿಲ್ಲ. ಅವನು ಪವರ್‌ಹೌಸಿಗೆ ಓಡಿದ. ಅವಳು ಅಂಗಳಕ್ಕೆ ಬಂದು ಅವನು ಹೋದ ಕಡೆ ನೋಡುತ್ತ ನಿಂತಳು.

ಗರಗಸವನ್ನು ತಿರುಗಿಸುವ ಪಟ್ಟಾ ಹರಿದು ಗರಗಸ ನಿಂತಿತ್ತು. ಹೊರೆಯಿಲ್ಲದ ಟರ್ಬೈನು ಕೂಗುತ್ತ ತಿರುಗುತ್ತಿತ್ತು. ಹೆಚ್ಚಿಗೆ ಎತ್ತಿಟ್ಟ ಬಾಗಿಲು ಸಿಕ್ಕಿಕೊಂಡಿತ್ತು. ಅದನ್ನು ಇಳಿಸಲು ಬಹಳ ಹೊತ್ತು ಹಿಡಿಯಿತು.

ಅವನು ಮರಳಿದಾಗ ಮನೆಯಲ್ಲಿ ಸುಟ್ಟ ಗೋಣಿಯ ವಾಸನೆ. ನೂರಜಹಾನ ಮೊಟ್ಟೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳದೆ ಬುಟ್ಟಿಗೇ ಮರಳಿಸುತ್ತಿದ್ದಳು.

"ನೀವು ಬರಬಾರದಿತ್ತು," ಎಂದಳು.

"ನೀ ಕರದಿ."

ಮಹಾದೇವಕ್ಕ ಬಾಗಿಲಿಗೆ ಬಂದು ಬುಟ್ಟಿ ನೋಡಿ ಹೊರಟುಹೋದಳು.

ಕಾಲೋನಿಯಲ್ಲಿ ಒಂಬತ್ತು ಬಲ್ಬು ಸುಟ್ಟಿದ್ದವು. ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆ, ಕೊಕ್ಕು ಕಂಡದ್ದೂ ಸೇರಿ.