ಮೂವತ್ತೇಳು ಹೆಸರುಗಳು ಉಳಿದ ದಿನ

ನಾನು ಒಂದು ಸರ್ವರ್. ಕೈಗವಸು ತೊಟ್ಟ ಹೆಣ್ಣುಮಕ್ಕಳು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಮೊದಲು ಜಿಲ್ಲಾ ಕಚೇರಿಯೊಂದರಲ್ಲಿ ದುಡಿದೆ. ಅಲ್ಲಿಗೆ ಹೊಸ ಯಂತ್ರ ಬಂದದ್ದೇ ತಡ, ತುಂಗಭದ್ರೆಯ ಬಯಲಿನ ಪುರಸಭೆಯೊಂದಕ್ಕೆ ನನ್ನನ್ನು ಸಾಗಹಾಕಿದರು.

ನಾನು ಒಂಟಿಯಲ್ಲ, ನನ್ನೊಳಗೊಂದು ದಂಡೇ ಇದೆ! ಕೇಳಿದ ಪ್ರಶ್ನೆಯನ್ನು ಬಿಡಿಸಿ ಓದುವವನೊಬ್ಬ. ಉತ್ತರಕ್ಕೆ ಹತ್ತಿರದ ದಾರಿ ಹುಡುಕುವವನೊಬ್ಬ. ಸದ್ಯಕ್ಕೆ ಬೇಕಾದ್ದನ್ನು ಮಡಿಲಲ್ಲಿ ಇಟ್ಟುಕೊಳ್ಳುವ ಮೆಮೊರಿ. ಡಿಸ್ಕಿನಲ್ಲಿ ಸಾಲುಸಾಲಾಗಿ ಎಲ್ಲವನ್ನೂ ಕಾಯುವ ಕೋಷ್ಟಕಗಳು. ಒಬ್ಬರು ತಿದ್ದುವ ಸಾಲಿಗೆ ಇನ್ನೊಬ್ಬರು ಕೈಹಾಕದಂತೆ ಬೀಗ ಹಿಡಿದ ಕಾವಲುಗಾರ. ಇವರೆಲ್ಲರಿಗಿಂತ ಹಟಮಾರಿ ಲಾಗ್. ಯಾವ ಬದಲಾವಣೆಯನ್ನೂ ಮೊದಲು ತಾನು ಬರೆದುಕೊಳ್ಳುತ್ತಾನೆ. ‘ಮುಗಿಯಿತು’ ಎಂಬ ಕೊನೆಯ ಆಜ್ಞೆ ಬರುವ ಮುನ್ನ ಕೆಲಸ ನಿಂತರೆ, ಅದನ್ನು ಬುಡಸಮೇತ ರದ್ದುಮಾಡಿ ಎಲ್ಲವನ್ನೂ ಮೊದಲಿನಂತೆ ಇಟ್ಟುಬಿಡುತ್ತಾನೆ.

ನನ್ನ ಕೋಷ್ಟಕದಲ್ಲಿ ಪೌರಕಾರ್ಮಿಕರ ಹಾಜರಿ ಇತ್ತು. ಹೆಸರಿದ್ದವರ ಕೆಲಸ ಖಾಯಂ ಆಗುವುದಿತ್ತು. ಒಟ್ಟು ಮೂವತ್ತೇಳು ಜನ. ಅವರಲ್ಲೊಬ್ಬಳು ನನ್ನ ಕೋಣೆ ಗುಡಿಸುವ ಹುಲಿಗೆಮ್ಮ. ಹತ್ತೊಂಬತ್ತು ವರ್ಷ ಊರ ಗಟಾರ ಬಳಿದವಳು. ಅಂದು ಹನ್ನೊಂದಕ್ಕೆ ಜಿಲ್ಲೆಯ ಅಧಿಕಾರಿ ಬಂದು, ತಮ್ಮ ಕಣ್ಣೆದುರೇ ಪಟ್ಟಿ ಮುದ್ರಿಸಿ ಸಹಿ ಹಾಕಬೇಕಿತ್ತು. ಅಂಗಳದಲ್ಲಿ ಪೌರಕಾರ್ಮಿಕರ ಘೋಷಣೆ ಮೊಳಗುತ್ತಿತ್ತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪುರಸಭೆಯ ಮುಖ್ಯಾಧಿಕಾರಿ ಒಳಗೆ ನುಗ್ಗಿದ. ಆ ಜಾಗಗಳಿಗೆ ಅವನ ಕಡೆಯವರು ಸಿದ್ಧರಿದ್ದರು.

“ವೀರೇಶ, ಆ ಮೂವತ್ತೇಳೂ ತೆಗಿ. ಸಾಹೇಬ್ರು ಗೇಟಿಗೆ ಬಂದಾರ.”

ಆಪರೇಟರ್ ವೀರೇಶ ತಡವರಿಸಿದ. “ಸರ್, ಅಷ್ಟು ವರ್ಷದ್ ಹಾಜರಿ...”

“ತೆಗಿ ಅಂದ್ನಲ್ಲೋ! ಆ ಕಸದವ್ರೇನ್ ಕಂಪ್ಯೂಟರ್ ಓದ್ತಾರೇನು?”

ಮೂಲೆಯಲ್ಲಿ ಪೊರಕೆಯ ಸದ್ದು ನಿಂತಿತು. ಹುಲಿಗೆಮ್ಮ ಪರದೆ ಓದಲಾರಳು, ದಿಟ. ಆದರೆ ದಿನಾ ಒರೆಸುವ ನನ್ನ ಬೆನ್ನನ್ನು ಅವಳಷ್ಟು ಬಲ್ಲವರಿಲ್ಲ. ವೀರೇಶ ಅಳಿಸತೊಡಗಿದ. ಹತ್ತು! ಇಪ್ಪತ್ತು! ಮೂವತ್ತೇಳು! ಬೆರಳು ಕೊನೆಯ ಆಜ್ಞೆಯತ್ತ ಸರಿಯಿತು. ಚಟ್! ಹುಲಿಗೆಮ್ಮ ನನ್ನ ಕರೆಂಟಿನ ವೈರನ್ನೇ ಕಿತ್ತಿದ್ದಳು.

“ಏನ್ ಮಾಡಿದಿಬೇ!” ಮುಖ್ಯಾಧಿಕಾರಿ ಅರಚಿದ.

“ಕಸಾ ಹೊಡಿಯಾಕತ್ತಿದ್ನಿರಿ ಸಾಹೇಬ್ರ. ಕಸಾ ಎಲ್ಲೈತಿ ಅಂತ ಈಗ ಕಾಣ್ತು ನೋಡ್ರಿ.”

ಅಷ್ಟರಲ್ಲಿ ಜಿಲ್ಲೆಯ ಅಧಿಕಾರಿ ಒಳಬಂದರು. ವೀರೇಶ ವೈರು ಮತ್ತೆ ಸಿಕ್ಕಿಸಿದ. ಹೆಸರುಗಳು ಹೋದವೆಂದೇ ಮುಖ್ಯಾಧಿಕಾರಿ ಮೀಸೆಯಡಿ ನಗುತ್ತಿದ್ದ. ನಾನು ಎದ್ದೆ! ಲಾಗ್ ತನ್ನ ಬರಹ ತಿರುವಿದ. ‘ಮುಗಿಯಿತು’ ಎಲ್ಲಿ? ಇಲ್ಲ! ಅಳಿಸಿದ ಒಂದೊಂದು ಸಾಲೂ ತನ್ನ ಜಾಗಕ್ಕೆ ಮರಳಿ ಕೂತಿತು. ಪ್ರಿಂಟರ್ ಗರಗರ ತಿರುಗಿತು. ಅಧಿಕಾರಿ ಸಹಿ ಹಾಕಿ, ಪಟ್ಟಿಯನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿಸಿದರು. ಒಂದೊಂದು ಹೆಸರಿಗೂ ಒಂದೊಂದು ಕೈ ಮೇಲೆದ್ದಿತು. ಮೂವತ್ತೇಳು ಕೈ!

ಈಗ ಹಳತಾದ ನಾನು ಪುರಸಭೆಯ ಗೋದಾಮಿನಲ್ಲಿ, ಮುರಿದ ತಳ್ಳುಗಾಡಿಗಳ ಪಕ್ಕ ಬಿದ್ದಿದ್ದೇನೆ. ಸರ್ವರ್ ನ್ಯಾಯ ಕೊಟ್ಟಿತೆಂದು ಊರು ಹೊಗಳುತ್ತದೆ. ಸುಳ್ಳು! ಆ ಬೆರಳು ಕೊನೆಯ ಆಜ್ಞೆ ಒತ್ತಿದ್ದರೆ ಮೂವತ್ತೇಳು ಬದುಕನ್ನೂ ನಾನು ಅಷ್ಟೇ ನಿಷ್ಠೆಯಿಂದ ಅಳಿಸುತ್ತಿದ್ದೆ. ನನ್ನಲ್ಲಿದ್ದುದು ನಿಯಮ ಮಾತ್ರ. ನ್ಯಾಯ ಇದ್ದದ್ದು ಹುಲಿಗೆಮ್ಮನ ಕೈಯಲ್ಲಿ.